ಕನಕಾಂಬರದ ಮಸ್ಟರ್ ರೋಲ್

ನಿವೃತ್ತರಾದ ಗಂಡಸರಿಗೆ ಏನಾದರೊಂದನ್ನು ಉಳಿಸುವ ಹುಚ್ಚು ಹತ್ತುತ್ತದೆ. ಕೆಲವರು ಸಂಸ್ಕೃತಿ ಉಳಿಸುತ್ತಾರೆ, ಕೆಲವರು ಕರೆಂಟು. ರಾಬರ್ಟ್‌ಸನ್‌ಪೇಟೆಯ ನಮ್ಮ ಟೈಮ್ ಆಫೀಸ್ ಸಾರ್ ಕನಕಾಂಬರ ಉಳಿಸಲು ಹೊರಟಿದ್ದಾರೆ.

ಅವರು ಹಾಜರಿ ಬರೆಯುತ್ತಿದ್ದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸಾರ್ ಕೈಲಿದ್ದ ಪೆನ್ನಿನ ಮುಚ್ಚಳ ಮಾತ್ರ ಮುಚ್ಚಲಿಲ್ಲ. ಬ್ರಿಟನ್ನಿನಲ್ಲಿ 1978ರಲ್ಲಿ ಶುರುವಾದ ಒಂದು ಸಂಘವಿದೆ, ಪ್ಲಾಂಟ್ ಹೆರಿಟೇಜ್ ಅಂತ. ಅಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯ ತೋಟದ ಗಿಡ ವಹಿಸಿಕೊಂಡು ದಾಖಲೆ ಸಮೇತ ಸಾಕುತ್ತಾರೆ ಎಂದು ಮಗ ಫೋನಿನಲ್ಲಿ ತೋರಿಸಿದ. ಸಾರ್ ಕಣ್ಣು 'ದಾಖಲೆ ಸಮೇತ' ಎಂಬಲ್ಲೇ ನಿಂತಿತು. ಯಾವ ಗಿಡ ಎಂಬುದು ಆಮೇಲಿನ ಮಾತು.

ಈಗ ಮಹಡಿ ಮೇಲೆ ಪೇಂಟ್ ಡಬ್ಬಗಳ ಸಾಲು. ಪ್ರತಿ ಗಿಡಕ್ಕೂ ತಗಡಿನ ಟೋಕನ್ನು. ಬೆಳಗಿನ ನೀರು ಫಸ್ಟ್ ಶಿಫ್ಟು, ಸಂಜೆಯದು ಸೆಕೆಂಡ್ ಶಿಫ್ಟು. ಸೊರಗಿದ ಗಿಡಕ್ಕೆ ಮಸ್ಟರ್ ರೋಲಿನಲ್ಲಿ ಕೆಂಪು ಶಾಯಿಯ 'ಗೈರು'. ಸತ್ತರೆ ಬುಡ ಕಿತ್ತು ವಿಚಾರಣೆ. ಬೇರಿನಲ್ಲಿ ಗಂಟು ಕಂಡರೆ ಅಪರಾಧಿ ಜಂತುಹುಳು. ಕಾಣದಿದ್ದರೆ ಗಣಿಯ ಸೈನೈಡ್ ದಿಬ್ಬದ ದೂಳು. ನೀರು ಮರೆತವರ ಹೆಸರು ಈವರೆಗೆ ಯಾವ ವರದಿಯಲ್ಲೂ ಬಂದಿಲ್ಲ.

ಆದರೆ ಸಾರ್ ಹೇಳುವ ವಿಷಯ ಸುಳ್ಳಲ್ಲ. ಮಾರ್ಕೆಟ್ಟಿನಲ್ಲಿ ಮೆರೆಯುವ ಡೆಲ್ಲಿ ಕನಕಾಂಬರ ನೋಡಲು ಚೆಂದ, ಆದರೆ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ ಎಂಬ ತಳಿಗಳನ್ನೂ ಕೊಟ್ಟಿದೆ. ಬಾವಿಕಟ್ಟೆ ಬದಿಯಲ್ಲಿ ತಾನೇ ಹುಟ್ಟಿ ತಾನೇ ಬೆಳೆಯುತ್ತಿದ್ದ ಹಳದಿ ಕನಕಾಂಬರಕ್ಕೆ ಮಾತ್ರ ಈಗ ಬಾವಿಕಟ್ಟೆಯೂ ಇಲ್ಲ, ಹಿತ್ತಲೂ ಇಲ್ಲ.

ಅದರ ಬಲಿತ ಕಾಯಿ ನೋಡಿದ್ದೀರಾ? ಒಣಗಿದ ತೆನೆಯ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಪಟ್ ಪಟ್ ಎಂದು ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಮಕ್ಕಳಿಗೆ ಅದೊಂದು ಆಟ. ಸಾರ್‌ಗೆ ಅದು ಕಳ್ಳಸಾಗಣೆ. ಒಂದೊಂದು ತೆನೆಗೂ ಹಳೇ ಸೊಳ್ಳೆಪರದೆಯ ಚೀಲ ಕಟ್ಟಿದ್ದಾರೆ. ಪಕ್ಕದ ಮನೆಯಲ್ಲಿ ಗಿಡ ಹುಟ್ಟದಂತೆ ನೋಡಿಕೊಳ್ಳುವುದೂ ಸಂರಕ್ಷಣೆಯ ಭಾಗವಂತೆ.

ತಾವು ಮಾತ್ರ ಬೆಳಗ್ಗೆ ಕತ್ತರಿ, ಒದ್ದೆ ಪೇಪರು ಹಿಡಿದು ಊರವರ ಗೇಟು ತಟ್ಟುತ್ತಾರೆ. ಕೊಟ್ಟ ಕಡ್ಡಿಗೆ ರಸೀದಿ ಉಂಟು. ಚಾಂಪಿಯನ್ ರೀಫಿನ ಲೈನ್ ಮನೆಯ ಪಾಟಿಯೊಬ್ಬರು ಅಕ್ಕರೆಯಿಂದ ತಮ್ಮ 'ಪಚ್ಚೈ ಕನಕಾಂಬರಂ' ತೋರಿಸಿದರು. ಸಾರ್ ಎಲೆ ತಿರುವಿ ನೋಡಿ, "ಪಾಟಿ, ಇದು ಎಕ್ಬೋಲಿಯಂ. ಕನಕಾಂಬರವೇ ಅಲ್ಲ. ರಿಜಿಸ್ಟರಿಗೆ ಬರಲ್ಲ" ಎಂದರು.

"ಅದಕ್ಕೆ ಕೆಲಸ ಕೊಡಿ ಅಂತ ನಾನೇನಾದ್ರೂ ಕೇಳಿದ್ನಾ ಸಾರ್?" ಎಂದ ಪಾಟಿ ಗೇಟು ಹಾಕಿಕೊಂಡರು.

ಮನೆಯಲ್ಲಿ ಸಂಗ್ರಹದ ಹೂ ಕೀಳುವಂತಿಲ್ಲ.

"ರೀ, ಶುಕ್ರವಾರ. ದೇವರಿಗೆ ಎರಡು ಹೂವಾದ್ರೂ..."

"ಅದು ಸ್ಪೆಸಿಮನ್ ಕಣೇ!"

ಮಹಡಿ ತುಂಬ ಕನಕಾಂಬರ ಇಟ್ಟುಕೊಂಡು ಆಕೆ ಎಂ.ಜಿ. ಮಾರ್ಕೆಟ್ಟಿನಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅದೂ ಡೆಲ್ಲಿ!

ಕಳೆದ ಬೇಸಿಗೆಯಲ್ಲಿ ಹಳದಿ ಗಿಡಗಳೆಲ್ಲ ಒಟ್ಟಿಗೆ ಗೈರಾದವು. ಸಾರ್ ಎರಡು ಹೊತ್ತು ಊಟ ಬಿಟ್ಟರು. ಮೂರನೆಯ ಹೊತ್ತಿಗೆ ಹಾಲಿನಾಕೆ ಒಂದು ಡಬ್ಬದ ತುಂಬ ಹಳದಿ ಸಸಿ ತಂದಿಟ್ಟಳು. ಸವರಿದ ಕಡ್ಡಿಗಳನ್ನು ಸಾರ್ ಮನೆಯವರು ಸೆರಗಿನ ಮರೆಯಲ್ಲಿ ಆಕೆಗೂ, ಪಾತ್ರೆ ತೊಳೆಯುವವಳಿಗೂ, ಎದುರು ಮನೆಯವರಿಗೂ ಮೊದಲಿನಿಂದಲೂ ಕೊಡುತ್ತಲೇ ಇದ್ದರು. ಸಾರ್ ಏನೂ ಕೇಳಲಿಲ್ಲ. ಮಸ್ಟರ್ ರೋಲ್ ತೆರೆದು ಹಸಿರು ಶಾಯಿಯಲ್ಲಿ 'ಮರುನೇಮಕ' ಎಂದು ಬರೆದರು.

ನಿಮ್ಮ ಅಜ್ಜಿಮನೆಯ ಕಡೆ ಹಳದಿ ಕನಕಾಂಬರ ಇದ್ದರೆ ಸಾರ್‌ಗೆ ಒಂದು ಕಡ್ಡಿ ಕೊಡಿ, ರಸೀದಿ ಇಸಿದುಕೊಳ್ಳಿ. ಅವರ ಮನೆಯವರ ಕೈಗೂ ಒಂದು ಕೊಡುವುದನ್ನು ಮರೆಯಬೇಡಿ.