ರೀಡ್ ಓನ್ಲಿ

(ಹೊಳಲ್ಕೆರೆ ಕಡೆಯ ಒಂದು ತೋಟದ ಮನೆ. ತಮ್ಮನ ಮಗನಿಗೆ ವರ್ಕ್ ಫ್ರಂ ಹೋಮ್. ದೊಡ್ಡಪ್ಪನಿಗೆ ಅಡಿಕೆ ಸುಲಿದು ಮುಗಿದಿದೆ, ಬೇರೆ ಕೆಲಸವಿಲ್ಲ.)

— ಏನಪ್ಪಾ ಇದು, ಸ್ಕ್ರೀನ್ ತುಂಬ ಕೆಂಪು?

— ಬಿಲ್ಡ್ ಫೇಲ್ ಆಯ್ತು ದೊಡ್ಡಪ್ಪ. ನಾವು ಕೋಡ್ ಹಾಕಿದ ತಕ್ಷಣ ಗಿಟ್‌ಹಬ್ ಅದನ್ನ ತಾನೇ ಜೋಡಿಸಿ ಪರೀಕ್ಷೆ ಮಾಡುತ್ತೆ. ಸಾವಿರಾರು ಸಾಲು ಲಾಗ್ ಬರೆದಿಡುತ್ತೆ. ಅದರಲ್ಲಿ ಕೆಟ್ಟ ಹಂತದ್ದನ್ನಷ್ಟೇ ಈ ಟೂಲ್ ಹೆಕ್ಕಿ ತೋರಿಸುತ್ತೆ.

— ಏನಂತೆ ಕಾಯಿಲೆ?

— ಎಕ್ಸಿಟ್ ಕೋಡ್ 137. ಸಾಮಾನ್ಯವಾಗಿ ಮೆಮರಿ ಸಾಲದೆ ಸಿಸ್ಟಮ್ಮೇ ಕತ್ತು ಹಿಸುಕಿರುತ್ತೆ.

— ಹಂಗಾದ್ರೆ ಇನ್ನೊಂದಿಷ್ಟು ಮೆಮರಿ ಕೊಡು.

— ಇದ್ರಲ್ಲಿ ಆಗಲ್ಲ. ರೀಡ್ ಓನ್ಲಿ. ನೋಡಬಹುದು, ಮುಟ್ಟೋ ಹಾಗಿಲ್ಲ.

— ಇನ್ನೊಂದು ಸಲ ಓಡಿಸು ಮತ್ತೆ.

— ಅದೂ ಆಗಲ್ಲ. ಸೇಫ್ಟಿ ದೊಡ್ಡಪ್ಪ. ಈ ಟೂಲನ್ನ ಎಐ ಕೈಗೆ ಕೊಟ್ರೂ ಅದು ಏನನ್ನೂ ಅಳಿಸೋಕಾಗಲ್ಲ.

(ಮಾತು ನ್ಯಾಯವಾದದ್ದೇ. ದೊಡ್ಡಪ್ಪ ಕೇಳಬೇಕಲ್ಲ.)

— ಗೊತ್ತಾಯ್ತು ಬಿಡು. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ ಓದಿದ್ವಲ್ಲ, ಅದೂ ರೀಡ್ ಓನ್ಲಿನೇ. ಚಿತ್ರದುರ್ಗದಲ್ಲಿ ಓದಿದ್ರು, ಹೊಸದುರ್ಗದಲ್ಲೂ ಓದಿದ್ರು.

— ಹಿರಿಯೂರಿನ ವಾಣಿ ವಿಲಾಸ ಸಾಗರ ಡ್ಯಾಮ್ ತುಂಬಿತಲ್ಲ!

— 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲೇ. ನಡುವಿನ 89 ವರ್ಷ ಯಾಕೆ ಫೇಲ್ ಆಯ್ತು ಅಂತ ಲಾಗ್ ತೆಗಿ, ನೋಡೋಣ.

— ಲಾಗ್ ಮಾಮೂಲಿಗೆ 90 ದಿನ ಅಷ್ಟೇ ಇರುತ್ತೆ. ಆಮೇಲೆ ಅಳಿಸಿಹೋಗುತ್ತೆ.

— ಮೆಲ್ಲಗೆ ಹೇಳೋ! ರಸ್ತೆ ಕಂಟ್ರಾಕ್ಟರ್ ಆಚೆ ಜಗಲೀಲೇ ಕೂತಿದ್ದಾನೆ.