ಗುಪ್ತಕೀಲ ಮೋಕ್ಷಪ್ರಕರಣ

ಅಶ್ವಗಳ ಸುಳಿಗಳನ್ನು ನೋಡಿ ಶುಭಾಶುಭ ಹೇಳುವುದಕ್ಕೆ ಒಂದು ಶಾಸ್ತ್ರವನ್ನೂ, ಆನೆಯ ಮದಕ್ಕೆ ಮದ್ದು ಹೇಳುವುದಕ್ಕೆ ಮತ್ತೊಂದು ಶಾಸ್ತ್ರವನ್ನೂ, ಪಾಕಶಾಲೆಗೆ ಮಗದೊಂದನ್ನೂ ರಚಿಸಿಟ್ಟು, ಕಡೆಗೆ ಪರರ ಗೋಡೆಗೆ ಕನ್ನ ಕೊರೆಯುವ ವಿದ್ಯೆಯನ್ನೂ ಅನಾಥವಾಗಿ ಬಿಡದೆ ಅದಕ್ಕೂ ಆಚಾರ್ಯಪರಂಪರೆಯನ್ನು ಒದಗಿಸಿಕೊಟ್ಟ ನಮ್ಮ ಪೂರ್ವಿಕರು, ಮೋಟಾರು ಗಾಡಿಯ ಚಕ್ರದಲ್ಲಿ ಕಚ್ಚಿಕೊಂಡು ಕುಳಿತ ಬೀಗದ ಬೋಲ್ಟನ್ನು ಬಿಡಿಸುವ ವಿಷಯದಲ್ಲಿ ಮಾತ್ರ ಸಂಪೂರ್ಣ ಮೌನವನ್ನು ತಾಳಿರುವುದು ವಿದ್ವಜ್ಜನರು ಚಿಂತಿಸತಕ್ಕ ಸಂಗತಿಯಾಗಿದೆ. ಆ ಕಾಲದಲ್ಲಿ ಮೋಟಾರು ಇರಲಿಲ್ಲವೆಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಆದರೆ ಇಲ್ಲದ ವಸ್ತುವಿನ ವಿಚಾರವಾಗಿ ಗ್ರಂಥ ಬರೆಯಲು ನಮ್ಮವರು ಎಂದೂ ಹಿಂಜರಿದವರಲ್ಲವಾದ್ದರಿಂದ ಆ ಸಮಾಧಾನ ನಮಗೆ ಸಮ್ಮತವಲ್ಲ. ಆ ಕೊರತೆಯನ್ನು ತುಂಬುವ ಅಲ್ಪಪ್ರಯತ್ನವೇ ಈ ಪ್ರಕರಣಗ್ರಂಥ.

ಶಾಸ್ತ್ರಾರಂಭದಲ್ಲಿ ಲಕ್ಷಣವನ್ನು ಹೇಳತಕ್ಕದ್ದು. ಅಂಗಡಿಯವರು ‘ಲಾಕ್ ನಟ್ಟು’ ಎನ್ನುವ, ನಾವು ಗ್ರಂಥಗೌರವಕ್ಕಾಗಿ ‘ಗುಪ್ತಕೀಲ’ವೆಂದು ಕರೆಯುವ ಈ ಪದಾರ್ಥವು ಪ್ರತಿಯೊಂದು ಚಕ್ರಕ್ಕೆ ಒಂದರಂತೆ, ಸಾಮಾನ್ಯ ಬೋಲ್ಟುಗಳ ನಡುವೆ ಅವುಗಳಂತೆಯೇ ಪ್ಲಾಸ್ಟಿಕ್ ಟೋಪಿ ಧರಿಸಿ ಕುಳಿತಿರುತ್ತದೆ. ‘ಸಾಧಾರಣ ಸ್ಪ್ಯಾನರಿಗೆ ತಿರುಗದಿರುವುದೇ ಗುಪ್ತಕೀಲ’ ಎಂದು ಲಕ್ಷಣ ಹೇಳಿದರೆ, ಮಂಗಳೂರಿನ ಕಡಲಗಾಳಿಯಲ್ಲಿ ಕೆಲವು ಮಳೆಗಾಲ ಕಳೆದ ಸಾಮಾನ್ಯ ಬೋಲ್ಟೂ ಸ್ಪ್ಯಾನರಿಗೆ ಜಗ್ಗದಿರುವುದರಿಂದ ಅತಿವ್ಯಾಪ್ತಿದೋಷ ತಗಲುತ್ತದೆ. ‘ತನ್ನ ಕೀಗೆ ಮಾತ್ರ ತಿರುಗುವುದು’ ಎಂದರೆ, ತನ್ನ ಕೀಗೂ ತಿರುಗದೆ ಅದರ ಹಲ್ಲನ್ನೇ ಮುರಿದು ಕಳುಹಿಸಿದ ಕೀಲಗಳು ಲೋಕದಲ್ಲಿ ಹೇರಳವಾಗಿರುವುದರಿಂದ ಅವ್ಯಾಪ್ತಿ. ಆದುದರಿಂದ, ‘ಟೈರು ಪಂಕ್ಚರಾದ ಕ್ಷಣದಲ್ಲಿ ಯಾವುದರ ಕೀ ಗಾಡಿಯಲ್ಲಿ ಇಲ್ಲವೋ, ಅಥವಾ ಇದ್ದೂ ಸಿಕ್ಕುವುದಿಲ್ಲವೋ, ಅಥವಾ ಸಿಕ್ಕಿಯೂ ಹಿಡಿಯುವುದಿಲ್ಲವೋ ಅದು ಗುಪ್ತಕೀಲ’ ಎಂಬುದೇ ನಿರ್ದುಷ್ಟವಾದ ಲಕ್ಷಣ. ಇದಕ್ಕೆ ಅಸಂಭವದೋಷವನ್ನು ತೋರಿಸಬಲ್ಲ ವಾಹನಸ್ಥರು ಯಾರೂ ಇಲ್ಲ.

ಅಧಿಕಾರಿ ಯಾರು? ಅಲಾಯ್ ಚಕ್ರದ ಹೊಳಪಿನಲ್ಲಿ ರಾಗವುಳ್ಳವನು, ಅದನ್ನು ಕಳ್ಳರು ಒಯ್ದಾರೆಂಬ ಭಯವುಳ್ಳವನು, ಮಳೆಯಲ್ಲಿ ಶಿರಾಡಿ ಘಾಟಿಯ ತಿರುವಿನಲ್ಲಿ ನಿಂತು ಇವೆರಡರ ವಿಷಯವಾಗಿಯೂ ವೈರಾಗ್ಯ ಹೊಂದಿದವನು. ಈ ಮೂರು ಕ್ರಮವಾಗಿ ಉಂಟಾದ ಹೊರತು ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಪ್ರಯೋಜನವನ್ನು ಬೇರೆ ಹೇಳಬೇಕಾಗಿಲ್ಲ.

ತತ್ತ್ವಭೇದವೊಂದನ್ನು ಇಲ್ಲಿಯೇ ಗಮನಿಸತಕ್ಕದ್ದು. ಮಾರುತಿ, ಹ್ಯೂಂಡೈ, ಟೊಯೋಟಾ ಮೊದಲಾದ ಗಾಡಿಗಳಲ್ಲಿ ಚಕ್ರದ ಗುಂಬದಿಂದ ಸ್ಟಡ್ಡುಗಳು ಹೊರಚಾಚಿಕೊಂಡಿದ್ದು, ಅವುಗಳ ಮೇಲೆ ನಟ್ಟು ಪ್ರತ್ಯೇಕವಾಗಿ ಬಂದು ಕೂಡುವುದರಿಂದ ಅವು ದ್ವೈತಸಂಪ್ರದಾಯಕ್ಕೆ ಸೇರಿದವು. ಫೋಕ್ಸ್‌ವ್ಯಾಗನ್, ಸ್ಕೋಡಾ ಮುಂತಾದ ಯೂರೋಪಿನ ಗಾಡಿಗಳಲ್ಲಾದರೋ ತಲೆಯೂ ಕಾಂಡವೂ ಒಂದೇ ಆದ ಬೋಲ್ಟು ನೇರವಾಗಿ ಗುಂಬದೊಳಕ್ಕೆ ಇಳಿಯುವುದರಿಂದ ಅವು ಅದ್ವೈತಿಗಳು. ಎರಡು ಪಂಥಗಳಿಗೂ ಬೀಗದ ಕೀಲಗಳುಂಟು. ಸಿಕ್ಕಿಬಿದ್ದಾಗ ಎರಡು ಪಂಥಗಳ ಯಜಮಾನರೂ ಆಡುವ ಮಾತುಗಳಲ್ಲಿ ಭೇದವೇನೂ ಕೇಳಿಬರುವುದಿಲ್ಲ. ನಾವು ಮುಖ್ಯವಾಗಿ ಅದ್ವೈತಪಕ್ಷವನ್ನು ಹಿಡಿದು ನಡೆಯುತ್ತೇವೆ.

ಮೋಕ್ಷವನ್ನು ಕುರಿತು ಮಾತನಾಡುವವರೆಲ್ಲರೂ ಮೊದಲು ಬಂಧದ ಸ್ವರೂಪವನ್ನು ತಿಳಿದಿರಬೇಕು. ಈ ವಿಷಯದಲ್ಲಿ ವೇದಾಂತಿಗಳು ಪಂಕ್ಚರ್ ಅಂಗಡಿಯವರಿಗಿಂತ ಎಷ್ಟೋ ಮೇಲು. ಫೋಕ್ಸ್‌ವ್ಯಾಗನ್ ವಂಶದ ಬಹುತೇಕ ಗಾಡಿಗಳಲ್ಲಿ ಬೋಲ್ಟಿನ ವ್ಯಾಸ 14 ಮಿಲಿಮೀಟರು, ತಿರುಪಿನ ಅಂತರ 1.5 ಮಿಲಿಮೀಟರು, ಬಿಗಿಯಬೇಕಾದ ಪ್ರಮಾಣ 120 ನ್ಯೂಟನ್ ಮೀಟರು. ಅಷ್ಟು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಹಿಗ್ಗಿದ್ದು ಕುಗ್ಗಲೆಳಸಿ, ಸ್ಥೂಲಗಣನೆಯಂತೆ ನಾಲ್ಕು ಟನ್ನುಗಳಷ್ಟು ಬಲದಿಂದ ಚಕ್ರವನ್ನು ಗುಂಬಕ್ಕೆ ಅದುಮಿ ಹಿಡಿಯುತ್ತದೆ. ಆದರೆ ನಾವು ಸುರಿದ ಶ್ರಮವೆಲ್ಲ ಈ ಸತ್ಕಾರ್ಯಕ್ಕೆ ಸಲ್ಲುವುದೆಂದು ಭಾವಿಸುವುದು ಅಜ್ಞಾನ: ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬೋಲ್ಟಿನ ತಲೆಯ ಕೆಳಗೂ ತಿರುಪಿನ ಸಂದಿಯಲ್ಲಿಯೂ ಘರ್ಷಣೆಗೆ ಆಹುತಿಯಾಗಿ, ಒಂದು ಪಾಲು ಮಾತ್ರ ಹಿಡಿತವಾಗಿ ಪರಿಣಮಿಸುತ್ತದೆ. ಘರ್ಷಣೆಯು ಒತ್ತಡಕ್ಕೆ ಅನುಗುಣವಾಗಿ ಬೆಳೆಯುವುದೆಂದು 1699ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ನಿವೇದಿಸಿದ ಅಮೊಂಟನ್ಸ್ ಮಹಾಶಯನು ಮೋಟಾರನ್ನು ಕಂಡವನಲ್ಲ. ಕಂಡಿದ್ದರೆ ಅಷ್ಟು ನಿರ್ವಿಕಾರಚಿತ್ತದಿಂದ ಬರೆಯುತ್ತಿದ್ದನೆಂದು ನಮಗೆ ತೋರುವುದಿಲ್ಲ.

ಇದಿಷ್ಟೂ ವಿಧಿವಿಹಿತವಾದ ಬಂಧ. ಅವಿಹಿತವಾದ ಬಂಧವೇ ಬೇರೆ, ಮತ್ತು ಈ ಗ್ರಂಥಕ್ಕೆಲ್ಲ ಅದೇ ಮೂಲಕಾರಣ. ಟೈರು ಅಂಗಡಿಯಲ್ಲಿ ಕಂಪ್ರೆಸರಿನಿಂದ ಗಾಳಿಯನ್ನು ಹೀರಿ ಕಟಕಟನೆ ಗರ್ಜಿಸುವ ‘ಗನ್ನು’ ಎಂಬ ಆಯುಧವುಂಟಷ್ಟೆ. ಹುಡುಗನೊಬ್ಬನು ಅದನ್ನು ಬೋಲ್ಟಿನ ತಲೆಗಿಟ್ಟು, ಕಣ್ಣನ್ನು ರಸ್ತೆಯ ಮೇಲೂ ಮನಸ್ಸನ್ನು ಮೊಬೈಲಿನಲ್ಲಿಯೂ ನೆಲೆಗೊಳಿಸಿ, ಶಬ್ದ ತನಗೆ ಹಿತವೆನಿಸುವವರೆಗೂ ಕುದುರೆಯನ್ನು ಅದುಮಿ ಹಿಡಿಯುತ್ತಾನೆ. ಅಳತೆಯುಂಟೇ? ಇಲ್ಲ. ಪ್ರಮಾಣವೇನು? ಶಬ್ದಪ್ರಮಾಣ. ಅದರ ಫಲವಾಗಿ ವಿಹಿತಕ್ಕಿಂತ ಎರಡು ಮೂರು ಪಟ್ಟು ಬಿಗಿಯಾದ ಬೋಲ್ಟು, ಅನಂತರ ಮಳೆನೀರಿನ ಸಂಪರ್ಕದಿಂದ ತನ್ನ ಉಕ್ಕಿಗೂ ಚಕ್ರದ ಅಲ್ಯುಮಿನಿಯಮ್ಮಿಗೂ ನಡುವೆ ಉದ್ಭವಿಸುವ ವಿದ್ಯುತ್‌ಕ್ಷಯವನ್ನೂ ಸಂಪಾದಿಸಿಕೊಂಡು, ಮೋಕ್ಷಾಪೇಕ್ಷೆಯನ್ನೇ ತೊರೆದುಬಿಡುತ್ತದೆ. ಎಲ್ಲ ದೋಷವನ್ನೂ ತುಕ್ಕಿನ ತಲೆಗೆ ಕಟ್ಟುವ ರೂಢಿ ಲೋಕದಲ್ಲಿದೆ. ತುಕ್ಕು ಅಪರಾಧಿಯಲ್ಲವೆಂದು ನಾವು ಹೇಳುತ್ತಿಲ್ಲ. ಅದು ಎರಡನೆಯ ಆರೋಪಿ.

ಇನ್ನು ಕೀಯ ವಿಚಾರ. ಬೋಲ್ಟಿನ ತಲೆಯಲ್ಲಿ ಹೂವಿನೆಸಳಿನಂತೆ ಬಳುಕುವ ಒಂದು ಗೀರು, ಅಥವಾ ನಕ್ಷತ್ರಾಕಾರದ ಹಳ್ಳ. ಅದಕ್ಕೆ ಪ್ರತಿರೂಪವಾದ ಉಬ್ಬನ್ನುಳ್ಳ ಮುಷ್ಟಿಗಾತ್ರದ ಒಂದು ಉಕ್ಕಿನ ತುಂಡು. ಅದರ ಮೇಲೆ ಬಹುಮಟ್ಟಿಗೆ ಒಂದು ಸಂಕೇತಾಂಕ. ಇದರ ಸ್ಥಾನ ಸ್ಟೆಪ್ನಿಯ ಕೆಳಗಣ ಉಪಕರಣಗಳ ಗೂಡು. ಆದರೆ ಸರ್ವಿಸ್ಸಿಗೆ ಹೋಗಿಬಂದ ಗಾಡಿಯಲ್ಲಿ ಅದು ಸ್ವಸ್ಥಾನದಲ್ಲಿರುವುದು ಅಪೂರ್ವ. ಕೈಪೆಟ್ಟಿಗೆ, ಸೀಟಿನ ಅಡಿ, ಬಾಗಿಲಿನ ಜೇಬು, ಅಥವಾ ಕೊನೆಯ ಸಲ ಚಕ್ರ ಬಿಚ್ಚಿದ ವರ್ಕ್‌ಶಾಪಿನ ಮೇಜು — ಇವೆಲ್ಲವೂ ಅದಕ್ಕೆ ವಾಸಯೋಗ್ಯವಾದ ಲೋಕಗಳು. ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಆಗಲೂ ಅದನ್ನು ಗನ್ನಿಗೆ ಸಿಕ್ಕಿಸಕೂಡದು. ಆ ಉಬ್ಬುಗಳು ತೀರ ತೆಳುವಾಗಿದ್ದು, ಕೈಯ ನಿಧಾನವಾದ ಬಲವನ್ನು ಸಹಿಸುವವೇ ಹೊರತು ಗನ್ನಿನ ಬಡಿತವನ್ನು ಸಹಿಸಲಾರವು. ಗೀರಿನಲ್ಲಿ ಸೇರಿದ ಮಣ್ಣನ್ನು ಮೊಳೆಯ ತುದಿಯಿಂದ ತೆಗೆದು, ಕೀಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ತಳಮುಟ್ಟ ಕೂರಿಸಿ, ಗಾಡಿ ಇನ್ನೂ ನೆಲದ ಮೇಲಿರುವಾಗಲೇ, ಮಿಕ್ಕ ಬೋಲ್ಟುಗಳು ಬಿಗಿಯಾಗಿರುವಾಗಲೇ, ಗುಪ್ತಕೀಲವನ್ನು ಮೊದಲು ಸಡಿಲಿಸತಕ್ಕದ್ದು. ನೆರೆಯವರನ್ನೆಲ್ಲ ಮೊದಲು ಸಡಿಲಿಸಿದರೆ ಚಕ್ರದ ಹೊರೆಯೆಲ್ಲ ಉಳಿದ ಒಬ್ಬನ ಕೊರಳಿಗೆ ಬಿದ್ದು ಅವನು ಮತ್ತಷ್ಟು ಬಿಗಿದುಕೊಳ್ಳುತ್ತಾನೆ. ಹಾಗೆ ಮಾಡಿ ಕೆಟ್ಟವರು ನೆರೆಯ ಬೋಲ್ಟುಗಳನ್ನು ಮತ್ತೆ ಬಿಗಿದು ಮೊದಲಿನಿಂದ ಆರಂಭಿಸಬಹುದು. ಪ್ರಾಯಶ್ಚಿತ್ತಕ್ಕೆ ಅವಕಾಶವಿರುವ ಪಾಪವಿದು.

ಕೀ ಇಲ್ಲದ ಪಕ್ಷದಲ್ಲಿ ವಾದಿಗಳು ಅನೇಕರು. ತೈಲವಾದಿಗಳು ಶಾಂತಸ್ವಭಾವದವರು, ಡಬ್ಬಿಯಿಂದ ಒಂದಿಷ್ಟು ಚಿಮುಕಿಸಿ ರಾತ್ರಿಯೆಲ್ಲ ಕಾಯಿರಿ ಎನ್ನುತ್ತಾರೆ. ಇವರು ಪರಮಪ್ರಮಾಣವೆಂದು ನಂಬಿರುವ ಡಬ್ಲ್ಯುಡಿ-40 ಎಂಬ ದ್ರವವು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕೆ. ನಲವತ್ತನೆಯ ಪ್ರಯತ್ನದಲ್ಲಿ ಸಿದ್ಧಿಸಿತೆಂಬುದೇ ಆ ಅಂಕೆಯ ಇತಿಹಾಸ. ಅಟ್ಲಾಸ್ ಕ್ಷಿಪಣಿಯ ಮೈಗೆ ಅದನ್ನು ಬಳಿದರಂತೆ. ಕ್ಷಿಪಣಿಯನ್ನು ಕಾಪಾಡಿದ್ದು ಬೋಲ್ಟನ್ನು ಬಿಡಿಸೀತೆಂಬುದು ಅನುಮಾನಮಾತ್ರ. ಅದಲ್ಲದೆ ತೈಲ ಬ್ರೇಕಿನ ಡಿಸ್ಕಿಗೆ ತಗುಲಿದರೆ, ಬೋಲ್ಟು ಬಿಡುವುದಕ್ಕೆ ಮುಂಚೆ ಬ್ರೇಕು ಬಿಟ್ಟೀತು.

ದಂಡವಾದಿಗಳ ಮತ ಸಿರಾಕ್ಯೂಸಿನ ಆರ್ಕಿಮಿಡೀಸನಷ್ಟು ಪುರಾತನವಾದದ್ದು. ಕಾಲು ಮೀಟರಿನ ಸ್ಪ್ಯಾನರಿಗೆ 120 ನ್ಯೂಟನ್ ಮೀಟರು ಬೇಕಾದರೆ ಹಿಡಿಯ ತುದಿಯಲ್ಲಿ ಸುಮಾರು 49 ಕಿಲೋ ಭಾರ ಬೀಳಬೇಕು; ಒಂದು ಮೀಟರಿನ ಪೈಪು ತೊಡಿಸಿದರೆ 12 ಕಿಲೋಗಿಂತ ತುಸು ಹೆಚ್ಚು ಸಾಕು. ಈ ಮತದಲ್ಲಿ ಗಣಿತದೋಷವಿಲ್ಲ. ಆದರೆ 70 ಕಿಲೋ ತೂಗುವ ಗೃಹಸ್ಥನು ಆ ಪೈಪಿನ ತುದಿಯ ಮೇಲೆ ಹತ್ತಿ ನಿಂತನೆಂದರೆ 680 ನ್ಯೂಟನ್ ಮೀಟರಿಗೂ ಮಿಗಿಲಾದ ಬಲವುಂಟಾಗಿ, ಬೋಲ್ಟು ತಿರುಗುವುದೋ, ಕೀ ಮುರಿಯುವುದೋ, ಗೃಹಸ್ಥನು ಬೀಳುವುದೋ, ಯಾವುದು ಮೊದಲೆಂಬುದನ್ನು ಯಾವ ಶಾಸ್ತ್ರವೂ ನಿರ್ಣಯಿಸಲಾರದು. ತಿರುಗಿಸುವ ದಿಕ್ಕಿನ ವಿಷಯದಲ್ಲಿಯೂ ಒಂದು ಪೂರ್ವಪಕ್ಷವುಂಟು: ಕ್ರೈಸ್ಲರ್ ಸಂಸ್ಥೆಯ ಹಳೆಯ ಅಮೆರಿಕನ್ ಕಾರುಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡತಿರುಪಿನ ಕೀಲಗಳಿದ್ದು, ಅವನ್ನು ಬಿಚ್ಚಲು ಪ್ರದಕ್ಷಿಣವಾಗಿ ತಿರುಗಿಸಬೇಕಿತ್ತು. ಈಚಿನ ಕಾರುಗಳಲ್ಲಿ ಅಪ್ರದಕ್ಷಿಣವೇ ಸಿದ್ಧಾಂತ. ‘ಜೋರಾಗಿ ಎತ್ತು’ ಎಂದು ಎದುರು ಬದಿಯಲ್ಲಿ ನಿಂತು ಅಪ್ಪಣೆ ಕೊಡುವ ನೆಂಟರು ಇದನ್ನು ನೆನಪಿನಲ್ಲಿಡಬೇಕು.

ಆಘಾತವಾದಿಗಳ ಬಗ್ಗೆ ನಮಗೆ ವಿಶೇಷ ಗೌರವ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿಯೋ ಗುಜರಿಯಲ್ಲಿಯೋ, ಕೆಟ್ಟರೂ ಚಿಂತೆಯಿಲ್ಲದ ಹನ್ನೆರಡು ಮೂಲೆಯ ಸಾಕೆಟ್ಟೊಂದನ್ನು ಕೊಂಡುತಂದು, ಅದು ಕೀಲದ ತಲೆಗಿಂತ ಕೂದಲೆಳೆಯಷ್ಟು ಸಣ್ಣದಾಗಿದೆಯೆಂಬುದನ್ನು ಮನದಟ್ಟು ಮಾಡಿಕೊಂಡು, ಸುತ್ತಿಗೆಯ ಬಲವಾದ ಪೆಟ್ಟುಗಳಿಂದ ತಲೆಯ ಮೇಲೆ ಅದನ್ನು ತುರುಕಿ, ಉದ್ದನೆಯ ಹಿಡಿಯಿಂದ ಅಪ್ರದಕ್ಷಿಣವಾಗಿ ಎಳೆದರೆ, ‘ಟಕ್’ ಎಂಬ ನಾದದೊಡನೆ ಕೀಲವು ಬಂಧವನ್ನು ಬಿಡುತ್ತದೆ. ಆ ನಾದವನ್ನು ಕೇಳಿದವರಿಗೆ ಸಂಗೀತದ ಇತರ ನಾದಗಳು ಸಪ್ಪೆ. ಒಳಗೆ ಸುರುಳಿಯಾದ ಎಡಹಲ್ಲುಗಳಿದ್ದು, ತಿರುಗಿಸಿದಷ್ಟೂ ಆಳಕ್ಕೆ ಕಚ್ಚುವ ಸಾಕೆಟ್ಟುಗಳೂ ಇದೇ ಶಾಖೆಗೆ ಸೇರಿದವು. ಕೆಲವು ಕೀಲಗಳ ಹೊರಗೆ ಸ್ವೇಚ್ಛೆಯಾಗಿ ತಿರುಗುವ ಒಂದು ಬಳೆಯನ್ನಿಟ್ಟು ಈ ವಾದವನ್ನು ಖಂಡಿಸಲು ತಯಾರಕರು ಯತ್ನಿಸಿದ್ದಾರೆ. ಆಗ ಸಾಕೆಟ್ಟು ಬಳೆಯನ್ನು ಮಾತ್ರ ಸುತ್ತುತ್ತಿರುತ್ತದೆ. ಆ ಬಳೆಯನ್ನು ಉಳಿಯಿಂದ ಒಡೆದ ಮೇಲೆಯೇ ಮೂಲವಸ್ತುವಿನ ದರ್ಶನ.

ತಾಪವಾದಿಗಳು ಕೀಲದ ತಲೆಯ ಮೇಲೆ ಒಂದು ನಟ್ಟನ್ನು ವೆಲ್ಡಿಂಗ್ ಮಾಡಿ ಬಿಚ್ಚುತ್ತಾರೆ; ವಿಧಾನ ಸಮರ್ಥ, ಕಾವಿಗೆ ತುಕ್ಕಿನ ಹಿಡಿತವೂ ಸಡಿಲುತ್ತದೆ, ಆದರೆ ಅಲಾಯಿನ ಬಣ್ಣ ಸುಟ್ಟುಹೋಗುವುದುಂಟು, ಟೈರಿನ ಸಮೀಪದಲ್ಲಿ ಬೆಂಕಿಯಾಡುವುದು ಅನುಭವಿಗಳಿಗೆ ಮಾತ್ರ ವಿಹಿತ. ಛೇದವಾದಿಗಳು ಕಟ್ಟಕಡೆಗೆ ಬರುತ್ತಾರೆ. ಗಡಸುಕ್ಕಿನ ಆ ತಲೆಯನ್ನು ಕೋಬಾಲ್ಟ್ ಬೈರಿಗೆಯಿಂದ, ನಿಧಾನಗತಿಯಲ್ಲಿ, ಸಣ್ಣ ರಂಧ್ರದಿಂದ ದೊಡ್ಡದಕ್ಕೆ ಏರುತ್ತ ಕೊರೆದುಕೊಂಡು ಹೋದರೆ ಕಾಂಡದಿಂದ ತಲೆ ಬೇರ್ಪಡುತ್ತದೆ. ತಲೆ ಹೋದೊಡನೆಯೇ ನಾಲ್ಕು ಟನ್ನಿನ ಆ ಬಿಗುಮಾನವೆಲ್ಲ ಶಾಂತವಾಗಿ, ಚಕ್ರವನ್ನು ಹೊರತೆಗೆದ ಮೇಲೆ ಉಳಿದ ಕಾಂಡವು ಎಷ್ಟೋ ಸಲ ಇಕ್ಕಳಕ್ಕೂ ಕಾಯದೆ ಬೆರಳಿನಿಂದಲೇ ತಿರುಗಿ ಬರುತ್ತದೆ. ಅಹಂಕಾರನಾಶದ ವಿಷಯವಾಗಿ ದೃಷ್ಟಾಂತ ಹುಡುಕುತ್ತಿರುವ ಪ್ರವಚನಕಾರರು ಇದನ್ನು ಬಳಸಿಕೊಳ್ಳಲು ನಮ್ಮ ಆಕ್ಷೇಪಣೆಯಿಲ್ಲ.

ಇಷ್ಟೆಲ್ಲ ಕ್ಲೇಶವೂ ಚೋರನಿವಾರಣೆಗಾಗಿ ಎಂಬುದು ಪೂರ್ವಪಕ್ಷ. ಚೋರನೆಂದರೆ ಯಾರು? ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಗೋಡೆಯ ಮುಂದೆ ನಿಂತು, ಅರಳಿದ ತಾವರೆ, ಸೂರ್ಯ, ಬಾಲಚಂದ್ರ, ಸ್ವಸ್ತಿಕ ಇತ್ಯಾದಿ ಆಕಾರಗಳನ್ನೆಲ್ಲ ತೂಗಿನೋಡಿ, ಪೂರ್ಣಕುಂಭವೇ ಉಚಿತವೆಂದು ನಿರ್ಣಯಿಸಿ, ಅಳತೆಯ ದಾರವನ್ನು ಮರೆತು ಬಂದದ್ದರಿಂದ ಜನಿವಾರವನ್ನೇ ದಾರವಾಗಿಸಿಕೊಂಡು ಕನ್ನ ಕೊರೆಯುತ್ತಾನೆ. ಇಂಥ ಸಂಸ್ಕಾರಸಂಪನ್ನರ ಕುಲದಲ್ಲಿ ಬಂದವನು ಒಂದು ಹೂವಿನ ಗೀರಿಗೆ ಹೆದರಿ ಹಿಂದಿರುಗುವನೇ? ಒಂದೊಂದು ಕಂಪನಿಯ ವಿನ್ಯಾಸಗಳೂ ಪರಿಮಿತವಾದ್ದರಿಂದ ವರ್ಕ್‌ಶಾಪುಗಳಲ್ಲಿ ಎಲ್ಲ ಕೀಗಳ ಗೊಂಚಲಿರುತ್ತದೆ. ಮೇಲೆ ಹೇಳಿದ ಎಡಹಲ್ಲಿನ ಸಾಕೆಟ್ಟು ಪೇಟೆಯಲ್ಲಿ ಕೇಳಿದವರಿಗೆಲ್ಲ ಸಿಕ್ಕುತ್ತದೆ. ಕಳ್ಳನು ಆಯುಧದೊಡನೆ ಬರುತ್ತಾನೆ, ಯಜಮಾನನು ಬರಿಗೈಯಲ್ಲಿ ನಿಂತಿರುತ್ತಾನೆ. ಆತುರಗಾರನಾದ ಸಣ್ಣ ಕಳ್ಳನನ್ನು ಗುಪ್ತಕೀಲವು ತಡೆಯುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವುದು ಅತಿಪ್ರಸಂಗ.

ಆದುದರಿಂದ ಸಿದ್ಧಾಂತವನ್ನು ಹೇಳುತ್ತೇವೆ: ಕೀಲವು ಸಿಕ್ಕಿಬೀಳುವುದು ಬಿಚ್ಚುವ ದಿನವಲ್ಲ, ಬಿಗಿದ ದಿನ. ಮೋಚನಶಾಸ್ತ್ರವೆಲ್ಲವೂ ಬಂಧನಕಾಲದ ಅಲಕ್ಷ್ಯದ ಪರಿಹಾರಕಾಂಡ ಮಾತ್ರ. ಗುಪ್ತಕೀಲವನ್ನು ಕೈಯಿಂದಲೇ ಕೊನೆಯಲ್ಲಿ ಬಿಗಿದು, ಟಾರ್ಕ್ ವ್ರೆಂಚ್ ಎಂಬ ಅಳತೆಯ ಹಿಡಿ ‘ಕ್ಲಿಕ್’ ಎಂದೊಡನೆ ನಿಲ್ಲಿಸಿದವನಿಗೆ ಈ ಗ್ರಂಥದ ಬಹುಭಾಗ ವ್ಯರ್ಥ. ತಿರುಪಿಗೆ ಗ್ರೀಸು ಸವರಿದರೆ ಮುಂದೆ ಸುಲಭವಾದೀತೆಂಬ ಉಪಾಯವನ್ನು ಕೆಲವರು ಬೋಧಿಸುತ್ತಾರೆ. ಘರ್ಷಣೆ ತಗ್ಗಿದಷ್ಟೂ ಅದೇ ಅಳತೆಗೆ ಬೋಲ್ಟು ಅಪಾಯಕರವಾಗಿ ಹಿಗ್ಗುವುದರಿಂದ ಅದು ಹೇಯ. ಬಿಡಿಸಿದ ಕೀಲದ ಸ್ಥಾನಕ್ಕೆ ಸಾಮಾನ್ಯ ಬೋಲ್ಟನ್ನೇ ಹಾಕುವುದಾದರೆ ಅದರ ಉದ್ದವೂ, ಚಕ್ರದಲ್ಲಿ ಕೂರುವ ಮುಖದ ಆಕಾರವೂ, ಶಂಕುವಿಗೆ ಶಂಕು, ಗೋಲಕ್ಕೆ ಗೋಲವೆಂಬಂತೆ, ಹಳೆಯದಕ್ಕೆ ಸರಿಹೊಂದಲೇಬೇಕು.

ವಾಚಕ ಮಹಾಶಯರಲ್ಲಿ ವಿಜ್ಞಾಪನೆ ಇಷ್ಟೇ. ಟೈರು ಸರಿಯಾಗಿರುವ ಇಂದೇ ಡಿಕ್ಕಿಯನ್ನು ತೆರೆದು ಕೀ ಇದೆಯೇ ನೋಡಿರಿ. ಅದರ ಮೇಲಿನ ಅಂಕವನ್ನು ಬರೆದು ಮನೆಯಲ್ಲಿಡಿರಿ, ಕಳೆದರೆ ಹೊಸದನ್ನು ತರಿಸಲು ಅದೇ ಆಧಾರ. ಮತ್ತು ಮುಂದಿನ ಸಲ ಟೈರು ಅಂಗಡಿಯಲ್ಲಿ ಹುಡುಗನು ಗನ್ನನ್ನು ಎತ್ತಿಕೊಂಡು ಬರುವಾಗ, ನಾಚಿಕೆಯನ್ನು ಬದಿಗಿಟ್ಟು, ‘ಲಾಕ್ ನಟ್ಟು ಕೈಯಲ್ಲೇ ಹಾಕಪ್ಪ’ ಎಂದು ಹೇಳಿರಿ.