ನಿಂತಲ್ಲೇ ನಿಲ್ಲುವ ಖರ್ಚು

ದುಡ್ಡು ಕೊಟ್ಟು ಮುಂದಕ್ಕೆ ಹೋಗುವುದು ಲೋಕರೂಢಿ. ಹೆಲಿಕಾಪ್ಟರ್ ಕಲಿಯುವವರು ಮಾತ್ರ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದಕ್ಕೆ ದುಡ್ಡು ಸುರಿಯುತ್ತಾರೆ. ಎಡಗೈಗೆ ಕಲೆಕ್ಟಿವ್ ಎಂಬ ಹಿಡಿ, ಬಲಗೈಗೆ ಸೈಕ್ಲಿಕ್ ಎಂಬ ಹಿಡಿ, ಕಾಲಡಿ ಎರಡು ಪೆಡಲ್. ಒಂದನ್ನು ಚೂರು ಮಾತಾಡಿಸಿದರೆ ಸಾಕು, ಮಿಕ್ಕವು ಓರಗಿತ್ತಿಯರಂತೆ ಮುನಿಸಿಕೊಳ್ಳುತ್ತವೆ.

ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಆಗಬೇಕು. ಅಷ್ಟರಲ್ಲೇ ಮುಗಿಸುವ ಜಾಣರು ಅಪರೂಪ. ಅಲ್ಲಿನ ಶಾಲೆಗಳ ಮೆಚ್ಚಿನ ವಾಹನ ರಾಬಿನ್ಸನ್ ಆರ್22. ಇರುವುದೇ ಎರಡು ಸೀಟು, ಸೀಟಿಗೆ ಸುಮಾರು 109 ಕಿಲೋ ಮಿತಿ. ಹೋಳಿಗೆಪ್ರಿಯರು ಮೊದಲು ಜಿಮ್ಮಿಗೂ ಫೀಸು ಕಟ್ಟಬೇಕಾದೀತು! ಬಾಡಿಗೆ, ಗುರುದಕ್ಷಿಣೆ ಸೇರಿ ಗಂಟೆಗೆ 300 ಡಾಲರ್ ಸಲೀಸಾಗಿ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ನಿಮಿಷಕ್ಕೆ 400 ರೂಪಾಯಿಗೂ ಮೇಲೆ. ಸೀನು ಬಂದರೂ ತಡೆದುಕೊಂಡು, ಇಳಿದ ಮೇಲೆ ಸೀನುವುದು ಲಾಭ.

ಶಾಲೆಯವರನ್ನು ಬೈದು ಪ್ರಯೋಜನವಿಲ್ಲ. ಈ ಆರ್22ಗೆ 2,200 ಗಂಟೆ ಹಾರಾಟಕ್ಕೊಮ್ಮೆ ಪೂರ್ತಿ ಬಿಚ್ಚಿ ಕಟ್ಟುವ ಸೇವೆಯಾಗಬೇಕು. ಹಾರಿಸದೆ ಸುಮ್ಮನೆ ನಿಲ್ಲಿಸಿಟ್ಟರೂ 12 ವರ್ಷಕ್ಕೆ ಅದೇ ಸೇವೆ ತಪ್ಪಿದ್ದಲ್ಲ. ಆ ಖರ್ಚೆಲ್ಲ ಗಂಟೆ ಗಂಟೆಗೆ ಹಂಚಿಕೆಯಾಗಿ ಶಿಷ್ಯನ ತಲೆಯ ಮೇಲೇ ಬಂದು ಕೂರುತ್ತದೆ.

ಇನ್ನು ಆಟೋರೊಟೇಶನ್ ಎಂಬ ಪಾಠ. ಮೇಲೆ ಹಾರುತ್ತಿರುವಾಗಲೇ ಮೇಷ್ಟ್ರು ಎಂಜಿನ್ನಿನ ಶಕ್ತಿ ತಗ್ಗಿಸಿ, “ಈಗ ಇಳಿಸಪ್ಪಾ” ಅನ್ನುತ್ತಾರೆ. ಕೆಳಗಿನಿಂದ ನುಗ್ಗುವ ಗಾಳಿಗೆ ರೆಕ್ಕೆ ತಿರುಗುತ್ತಲೇ ಇರುತ್ತದೆ. ಶಿಷ್ಯನಿಗೆ ಮನೆದೇವರೆಲ್ಲ ನೆನಪಾಗುತ್ತಾರೆ. ಎಂಜಿನ್ ದುಡಿಯಲಿಲ್ಲವಲ್ಲ, ಸ್ವಲ್ಪ ರಿಯಾಯಿತಿ ಕೊಡಿ ಎಂದು ಕೇಳುವಂತಿಲ್ಲ. ಅದಕ್ಕೂ ಅದೇ ರೇಟು.